ದಳವಾಯಿಯ ಕೋಟೆ, ತಮ್ಮನ ಅಳತೆ ಶರ್ಟು

ದಳವಾಯಿ ಅಂದ ಕೂಡಲೇ ಕುದುರೆ, ಕತ್ತಿ, ಹುರಿಮೀಸೆ ಕಣ್ಣಮುಂದೆ ಬಂದರೆ ತಪ್ಪು ನಿಮ್ಮದಲ್ಲ. ಆದರೆ ನಮ್ಮ ದಳವಾಯಿಗೆ ಕುದುರೆ ಇರಲಿಲ್ಲ. ಮೀಸೆ ಇದ್ದೂ ಇಲ್ಲದ ಹಾಗಿತ್ತು. ಆಯುಧ ಅಂತ ಇದ್ದದ್ದು ಬಟ್ಟೆ ಕತ್ತರಿಸುವ ಕತ್ತರಿ, ಅದೂ ಸಾಣೆಗೆ ಬಂದದ್ದು. ಪೇಟೆ ಬೀದಿಯಲ್ಲಿ ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಕೋಣೆಯೊಂದರಲ್ಲಿ ಕೂತು ಅವನು ಊರಿನ ಅರ್ಧ ಗಂಡಸರಿಗೆ ಶರ್ಟು ಹೊಲಿಯುತ್ತಿದ್ದ. ಮಿಕ್ಕ ಅರ್ಧ ರೆಡಿಮೇಡ್ ಹಾಕಿಕೊಳ್ಳುವವರು. ಅವರನ್ನು ಕಂಡರೆ ಅವನಿಗೆ ಕೋಪಕ್ಕಿಂತ ಕನಿಕರವೇ ಹೆಚ್ಚು. "ಪಾಪ, ಭುಜ ಎಲ್ಲಿದೆ ಅಂತ ಅವರ ಶರ್ಟಿಗೇ ಗೊತ್ತಿಲ್ಲ" ಅನ್ನುತ್ತಿದ್ದ.

ಬಿರುದು ಕೊಟ್ಟವನು ಎದುರಿನ ಬಟ್ಟೆ ಅಂಗಡಿಯವನು. ಕೊಟ್ಟದ್ದು ತಮಾಷೆಗೆ. ಊರಾಚೆಯ ದಿಣ್ಣೆ ಹಳೇ ಕಾಲದ ಕೋಟೆ ಅಂತ ನಮ್ಮ ಟೈಲರು ಸಿಕ್ಕಸಿಕ್ಕವರಿಗೆಲ್ಲ ಸಾರುತ್ತಿದ್ದ ದಿನಗಳಲ್ಲಿ ಅವನು ಗಲ್ಲಾದ ಹಿಂದಿನಿಂದಲೇ, "ಏನ್ ದಳವಾಯಿಗಳೇ, ಕೋಟೆ ಕ್ಷೇಮವೋ?" ಅಂತ ಕೂಗಿದ. ಬೀದಿಗೆ ಬೀದಿಯೇ ನಕ್ಕಿತು. ಬೇರೆಯವನಾಗಿದ್ದರೆ ಮುಖ ಊದಿಸಿಕೊಂಡು ಬಾಗಿಲು ಎಳೆದುಕೊಳ್ಳುತ್ತಿದ್ದ. ಇವನು ಎದ್ದು ನಿಂತು, "ಕ್ಷೇಮ ಸ್ವಾಮಿ. ಕಾವಲಿಗೆ ಜನ ಸಾಲದು, ನೀವು ಬರ್ತೀರಾ?" ಅಂದ. ಅಲ್ಲಿಂದ ಮುಂದೆ ಅವನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಲಿಲ್ಲ.

ದಿಣ್ಣೆಯ ವಿಷಯ ಹೇಳಿಬಿಡಬೇಕು. ಊರು ಮುಗಿದು ದೊಡ್ಡ ರಸ್ತೆ ಸೇರುವ ತಿರುವಿನಲ್ಲಿ ಹುಲ್ಲು ಬೆಳೆದ ಎರಡು ಉದ್ದನೆಯ ದಿಣ್ಣೆಗಳಿವೆ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ. ಒಂದರ ಪಕ್ಕ ಒಂದು, ಒಂದೇ ಬಾಗಿನಲ್ಲಿ, ಕಣ್ಣು ಹಾಯುವಷ್ಟು ದೂರ ಹೋಗುತ್ತವೆ. ನಡುವೆ ತಗ್ಗು. ಹೊರಗಿನ ದಿಣ್ಣೆ ಒಂದು ಕಡೆ ಕಡಿದು ಬಾಯಿ ಬಿಟ್ಟಿದೆ. ದಳವಾಯಿಯ ಲೆಕ್ಕದಲ್ಲಿ ದಿಣ್ಣೆಗಳು ಕೋಟೆಯ ಜೋಡಿ ಗೋಡೆ, ತಗ್ಗು ಕಂದಕ, ಬಾಯಿ ಬಿಟ್ಟ ಜಾಗ ಹೆಬ್ಬಾಗಿಲು. ಯಾವ ರಾಜ ಕಟ್ಟಿಸಿದ್ದು ಅಂತ ಕೇಳಿದರೆ, "ಅದನ್ನ ಹೇಳೋಕೆ ನಾನು ಯಾರು? ಹೊಲಿಗೆ ನೋಡಿದ್ರೆ ಕೈ ಇದೆ ಅಂತ ಗೊತ್ತಾಗುತ್ತೆ. ಯಾರ ಕೈ ಅಂತ ಬಟ್ಟೆ ಹೇಳಲ್ಲ" ಅನ್ನುತ್ತಿದ್ದ.

ಅವನ ತರ್ಕವೆಲ್ಲ ಹೀಗೆ ಅಂಗಡಿಯದೇ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠವೊಂದಿತ್ತು. ಒಂದು ತುಂಡು ಬಟ್ಟೆಯನ್ನು ಮೇಜಿನ ಮೇಲೆ ಬಿಸಾಡಿ, "ಇದೇನು?" ಅನ್ನುತ್ತಿದ್ದ. ಸುಕ್ಕು ಅನ್ನುತ್ತಿದ್ದರು. ಅದೇ ತುಂಡನ್ನು ಬೆರಳಲ್ಲಿ ಮಡಿಸಿ ಮಡಿಸಿ ಹಿಡಿದು, "ಇದು?" ಅನ್ನುತ್ತಿದ್ದ. ನೆರಿಗೆ ಅನ್ನುತ್ತಿದ್ದರು. "ಎರಡೂ ಮಡಿಕೆಯೇ. ಆದರೆ ಮಾತು ನೋಡಿ. ಸುಕ್ಕು ಬೀಳುತ್ತೆ. ನೆರಿಗೆ ಹಿಡೀಬೇಕು. ಹಿಡಿಯೋ ಕೈ ಬೇಕು. ಒಂದಕ್ಕೊಂದು ಜೋಡಿಯಾಗಿ, ಸಮವಾಗಿ ಇದ್ರೆ ಅದು ನೆರಿಗೆ. ಅಡ್ಡಾದಿಡ್ಡಿ ಇದ್ರೆ ಸುಕ್ಕು." ಇದನ್ನೇ ದಿಣ್ಣೆಗೂ ಹಚ್ಚಿದ. ಎರಡು ದಿಣ್ಣೆ, ಒಂದೇ ಎತ್ತರ, ಒಂದೇ ಬಾಗು, ಶರ್ಟಿನ ಕಾಲರಿನ ಎರಡು ಮಗ್ಗುಲಿನ ಹಾಗೆ ಹೊಂದಿಕೆ. "ಕೈಯಿಲ್ಲದೆ ಕಾಲರ್ ಆಗುತ್ತೇನ್ರೀ?" ಅಂತ ಅವನು ಕೇಳಿದರೆ ಊರಿನಲ್ಲಿ ಉತ್ತರ ಕೊಡುವವರು ಇರಲಿಲ್ಲ. ಮೇಷ್ಟ್ರುಗಳು ಕೂಡ ತಲೆ ಕೆರೆದುಕೊಂಡು, ಅಂಗಿ ಹೊಲಿಯಲು ಕೊಟ್ಟು ಹೋಗುತ್ತಿದ್ದರು.

ಸಾಕ್ಷಿಯೂ ಇತ್ತು. ಕಂದಕದ ತಳದಲ್ಲಿ ಮುಷ್ಟಿಗಾತ್ರದ ಗುಂಡನೆಯ ಕಲ್ಲುಗಳು ಸಿಗುತ್ತಿದ್ದವು, ನುಣ್ಣಗೆ, ಕೈಗೆ ಹಿತವಾಗಿ. ಅವು ಶತ್ರುಗಳ ಮೇಲೆ ಬೀಸುವ ಕವಣೆ ಕಲ್ಲುಗಳು ಅಂತ ತೀರ್ಮಾನವಾಯಿತು. ನಾಲ್ಕಾರು ಕಲ್ಲು ತಂದು ಅಂಗಡಿಯ ಮೇಜಿನ ಮೇಲಿಟ್ಟ. ಬಟ್ಟೆ ಹಾಸಿ ಗುರುತು ಹಾಕುವಾಗ ಅಂಚು ಸರಿಯದಂತೆ ಮೂಲೆಗೊಂದು ಕಲ್ಲು. ಊರಿನ ಎಷ್ಟೋ ಮದುವೆ ಗಂಡುಗಳ ಕೋಟು ಈ ಯುದ್ಧಸಾಮಗ್ರಿಯ ಕೆಳಗೆ ಮಲಗಿ ಎದ್ದಿವೆ.

ಇಷ್ಟಾದರೆ ನಗುನಗುತ್ತಾ ಮುಗಿಯುವ ಕಥೆ. ಆದರೆ ಆ ದಿಣ್ಣೆಗಳ ಒಂದು ತುಂಡು, ರಸ್ತೆಗೆ ಹತ್ತಿಕೊಂಡದ್ದು, ದಳವಾಯಿಯ ಅಪ್ಪ ಬಿಟ್ಟುಹೋದ ಜಾಗದಲ್ಲಿತ್ತು. ಆ ಜಾಗ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿ ಜಂಟಿಯಾಗಿತ್ತು.

ತಮ್ಮ ಬೇಕರಿಯವನು. ಚಿಕ್ಕಂದಿನಲ್ಲಿ ಇಬ್ಬರೂ ಅದೇ ದಿಣ್ಣೆಯ ಮೇಲೆ ಯುದ್ಧವಾಡಿದವರು. ಅಣ್ಣ ಯಾವಾಗಲೂ ಕೋಟೆಯೊಳಗೆ, ತಮ್ಮ ಯಾವಾಗಲೂ ಶತ್ರು. ಶತ್ರು ಸೋಲಲೇಬೇಕು ಅಂತ ಅಣ್ಣ ಹೇಳಿದ್ದನ್ನು ನಂಬಿ ಆ ಪಾಪದವನು ಸಂಜೆ ಸಂಜೆಯೂ ಹೆಬ್ಬಾಗಿಲಿನಲ್ಲಿ ಸತ್ತು ಬಿದ್ದು, ಮೈಯೆಲ್ಲ ಮಣ್ಣು ಮಾಡಿಕೊಂಡು, ಮನೆಗೆ ಹೋಗಿ ಅಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ದೊಡ್ಡವನಾಗಿ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದಿ, ಭಟ್ಟಿ ಕಾದು, ಕೆಲಸ ಕಲಿತು, ಸ್ವಂತದ್ದು ಶುರುಮಾಡುವ ಕಾಲಕ್ಕೆ ಅವನಿಗೆ ನೆನಪಾದದ್ದು ರಸ್ತೆ ಪಕ್ಕದ ಆ ಜಾಗ. ದೊಡ್ಡ ಭಟ್ಟಿ, ಹಿಟ್ಟಿಗೆ ಬೇರೆ ಕೋಣೆ, ಲಾರಿ ನಿಲ್ಲಲು ಅಂಗಳ. ದಿಣ್ಣೆಯನ್ನು ಸಮ ಮಾಡಿಬಿಟ್ಟರೆ ಮುಗಿಯಿತು. ಅಣ್ಣನದೊಂದು ರುಜು ಬೇಕು, ಅಷ್ಟೆ.

ಅಣ್ಣ ರುಜು ಹಾಕಲಿಲ್ಲ. "ಕೋಟೆ ಒಡೆದು ಬನ್ನು ಸುಡ್ತೀಯಾ?" ಅಂದ.

"ಮಕ್ಕಳು ಮರಿ ಇದಾವೆ, ನಾನು ಬದುಕೋದು ಬೇಡ್ವಾ? ಮಣ್ಣುದಿಣ್ಣೆ ದೊಡ್ಡದಾ, ನಾನು ದೊಡ್ಡವನಾ?"

ದಳವಾಯಿ ಅವತ್ತು ಕಾಜಾ ಹೊಲಿಯುತ್ತಿದ್ದ. ತಲೆ ಎತ್ತದೆಯೇ, "ನಿನ್ನಂಥೋರು ನೂರು ಜನ ಹುಟ್ತಾರೆ. ಇಂಥ ಕೋಟೆ ಇನ್ನೊಂದು ಹುಟ್ಟಲ್ಲ" ಅಂದುಬಿಟ್ಟ. ಬಾಯಿಂದ ಹೊರಬಿದ್ದ ಮೇಲೆ ಅದು ತಪ್ಪು ಅಂತ ಅವನಿಗೇ ಗೊತ್ತಾಯಿತು. ಆದರೆ ತಲೆ ಎತ್ತಿ ನೋಡುವಷ್ಟರಲ್ಲಿ ತಮ್ಮ ಮೆಟ್ಟಿಲಿಳಿದು ಹೋಗಿದ್ದ. ಆಮೇಲೆ ಅವನು ಅಣ್ಣನನ್ನು ಅಣ್ಣ ಅಂತ ಕರೆಯಲಿಲ್ಲ. ಕರೆಯುವುದಿರಲಿ, ಮಾತೇ ನಿಂತುಹೋಯಿತು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಇಕ್ಕಟ್ಟಿನ ಜಾಗ ಬಾಡಿಗೆಗೆ ಹಿಡಿದು ಅಲ್ಲೇ ಭಟ್ಟಿ ಹಾಕಿದ. ಎರಡು ಬೀದಿಯ ಅಂತರ. ವರ್ಷಗಳು ಉರುಳಿದವು. ಅಣ್ಣನ ತಲೆ ಬೆಳ್ಳಗಾಯಿತು, ತಮ್ಮನ ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಸಂಸಾರ ನೋಡಿಕೊಂಡರು. ಮಾತು ಮಾತ್ರ ಬೆಳೆಯಲೂ ಇಲ್ಲ, ಹುಟ್ಟಲೂ ಇಲ್ಲ.

ಹಾಗಂತ ಸಂಬಂಧ ಕಡಿದಿತ್ತೇ ಅಂದರೆ ಅದೂ ಇಲ್ಲ. ಮನೆಯ ಹೆಂಗಸರು ಅಷ್ಟು ದಡ್ಡರಲ್ಲ. ದಳವಾಯಿಯ ಹೆಂಡತಿಯೂ ಅವಳ ವಾರಗಿತ್ತಿಯೂ ತರಕಾರಿ ಅಂಗಡಿಯ ಮುಂದೆ "ಅಕಸ್ಮಾತ್ತಾಗಿ" ಸಿಗುತ್ತಿದ್ದರು, ದಿನ ಬಿಟ್ಟು ದಿನ. ಆ ಕಡೆಯಿಂದ ಈ ಕಡೆಗೆ ಬಿಸಿ ಬ್ರೆಡ್ಡು ಬರುತ್ತಿತ್ತು. ದಳವಾಯಿ ಅದು ಎಲ್ಲಿಂದ ಬಂತು ಅಂತ ಕೇಳದೆ ತಿನ್ನುತ್ತಿದ್ದ. ಈ ಕಡೆಯಿಂದ ಆ ಕಡೆಗೆ ಶರ್ಟು ಹೋಗುತ್ತಿತ್ತು. ತಮ್ಮನೂ ಅದನ್ನು ಹೊಲಿದವರು ಯಾರು ಅಂತ ಕೇಳದೆ ಹಾಕಿಕೊಳ್ಳುತ್ತಿದ್ದ. ಅಳತೆ ಕೊಡಲು ತಮ್ಮ ತಾನೇ ಬರುವವನಲ್ಲವಲ್ಲ. ಅವನ ಹೆಂಡತಿ ಹಳೆಯ ಶರ್ಟೊಂದನ್ನು ಚೀಲದಲ್ಲಿ ಸುತ್ತಿ ಕಳಿಸುತ್ತಿದ್ದಳು. "ಇದರ ಅಳತೆಗೇ ಅಂತೆ. ಹೊಟ್ಟೆ ಹತ್ರ ಮಾತ್ರ ಒಂಚೂರು ಬಿಡಬೇಕಂತೆ."

ಆ ಅಳತೆ ಶರ್ಟುಗಳಲ್ಲೇ ದಳವಾಯಿ ತಮ್ಮನನ್ನು ಓದುತ್ತಿದ್ದ. ಸೊಂಟ ಬರುಬರುತ್ತಾ ದಪ್ಪವಾದದ್ದು ಗೊತ್ತಾಯಿತು. ಬಲ ಭುಜ ಇಳಿದದ್ದು ಗೊತ್ತಾಯಿತು. ಭಟ್ಟಿಯೊಳಗೆ ಉದ್ದ ಹಿಡಿಯ ಹಲಗೆ ತಳ್ಳಿ ಎಳೆದು ಹಾಗಾಗಿದೆ ಅಂದುಕೊಂಡು ಹೊಸ ಶರ್ಟಿನ ಆ ಭುಜವನ್ನು ಕೂದಲೆಳೆಯಷ್ಟು ಇಳಿಸಿ ಹೊಲಿದ. ತೋಳಿನ ಮೇಲಿನ ಸುಟ್ಟ ಕಲೆಗಳನ್ನು ಬೆರಳಿಂದ ಸವರುತ್ತಿದ್ದ. ಒಮ್ಮೆ ಬಂದ ಶರ್ಟು ಒಂದೇ ಸಲಕ್ಕೆ ತೀರಾ ಕಿರಿದಾಗಿ ಕಂಡಿತು. ಸೊಂಟದ ಹೊಲಿಗೆಯನ್ನು ಯಾರೋ ಒಳಗೆ ಹಿಡಿದು ಟಾಕು ಹಾಕಿದ್ದರು. "ಅವನಿಗೆ ಹುಷಾರಿಲ್ವಾ? ಕೇಳೇ ಅವಳನ್ನ" ಅಂತ ಹೆಂಡತಿಗೆ ಗಂಟುಬಿದ್ದ. ಜ್ವರವಂತೆ, ವಾಸಿಯಾಗಿದೆಯಂತೆ ಅಂತ ಉತ್ತರ ಬರುವ ತನಕ ಯಾರ ಬಟ್ಟೆಗೂ ಕತ್ತರಿ ಹಾಕಲಿಲ್ಲ.

"ಅಷ್ಟು ಕರುಳು ಮಿಡಿಯೋದಾದ್ರೆ ಹೋಗಿ ನೋಡ್ಕೊಂಡು ಬರಬಾರದಾ?" ಅಂದಳು ಹೆಂಡತಿ.

"ಬೋರ್ಡು ಬರಲಿ. ಆಮೇಲೆ ಅವನೇ ಬರ್ತಾನೆ."

ಇದು ಅವನ ಹೊಟ್ಟೆಯೊಳಗಿನ ಮಾತು. ಪುರಾತತ್ವ ಇಲಾಖೆಯವರು ಒಂದು ದಿನ ಬರುತ್ತಾರೆ, ಅಗೆದು ನೋಡುತ್ತಾರೆ, ಇದು ಪ್ರಾಚೀನ ಕೋಟೆ ಅಂತ ನೀಲಿ ಬೋರ್ಡು ನಿಲ್ಲಿಸುತ್ತಾರೆ. ಬೋರ್ಡು ತಮ್ಮನ ಕಣ್ಣಿಗೆ ಬೀಳುತ್ತದೆ. ಅಣ್ಣ ಹಟಕ್ಕೆ ಬಿದ್ದು ನನ್ನ ದಾರಿಗೆ ಅಡ್ಡ ನಿಂತದ್ದಲ್ಲ, ಅವನು ಹೇಳಿದ್ದು ನಿಜ ಅಂತ ಅವನಿಗೆ ಅರ್ಥವಾಗುತ್ತದೆ. ಅಂಗಡಿಯ ಮೆಟ್ಟಿಲು ಹತ್ತಿ ಅಣ್ಣ ಅನ್ನುತ್ತಾನೆ. ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಊರಿನವರು ಅವನಿಗೆ ಕೋಟೆಯ ಹುಚ್ಚು ಅಂದುಕೊಂಡಿದ್ದರು. ಹುಚ್ಚು ಕೋಟೆಯದಾಗಿ ಉಳಿದಿರಲಿಲ್ಲ. ಬೋರ್ಡಿಗೋಸ್ಕರ ಅವನು ಬರೆದ ಅರ್ಜಿಗಳನ್ನು ಹೊತ್ತು ಅಂಚೆಯವನ ಬೆನ್ನು ಬಾಗಿತು ಅಂತ ಬಟ್ಟೆ ಅಂಗಡಿಯವನು ಹಾಸ್ಯ ಮಾಡುತ್ತಿದ್ದ.

ಕೊನೆಗೂ ಇಲಾಖೆಯವರು ಬಂದರು. ಬಂದವರು ಬೂಟು ಹಾಕಿಕೊಂಡ, ಬಿಸಿಲಿಗೆ ಕಪ್ಪಾದ ಒಬ್ಬ ಹೆಂಗಸು. ಭೂಮಿಯ ಪದರಗಳನ್ನು ಓದುವುದು ಆಕೆಯ ಕೆಲಸ. ದಳವಾಯಿ ಆಕೆಯನ್ನು ಮಣ್ಣಿನ ಮೇಡಂ ಅಂತ ಕರೆದ. ಕೂಲಿಯವರನ್ನು ಇಟ್ಟುಕೊಂಡು ಆಕೆ ದಿಣ್ಣೆಗೆ ಅಡ್ಡವಾಗಿ ಒಂದು ಸೀಳು ತೆಗೆಸಿದರು, ಒಳಗಿನದು ಕಾಣುವ ಹಾಗೆ. ದಳವಾಯಿ ಅಂಗಡಿ ಮುಚ್ಚಿ, ಒಗೆದು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕುತ್ತಿಗೆಯ ಟೇಪನ್ನು ತೆಗೆದಿಡಲು ಮರೆತು, ದಿನವೂ ಅಲ್ಲೇ ಇದ್ದ. ಕೆಲಸದವರಿಗೆಲ್ಲ ಚಹಾ ಅವನದೇ.

ಕೆಲಸ ಮುಗಿದ ದಿನ ಮೇಡಂ ಅವನನ್ನು ಸೀಳಿನೊಳಗೆ ಕರೆದರು. ಮಣ್ಣಿನ ಗೋಡೆಯನ್ನು ಕರಣೆಯಿಂದ ಕೆರೆದು ನುಣ್ಣಗೆ ಮಾಡಿದ್ದರು. ಅದರಲ್ಲಿ ಅಡ್ಡಡ್ಡ ಗೆರೆಗಳು, ಪಟ್ಟೆಪಟ್ಟೆಯಾಗಿ.

"ಇಲ್ಲಿ ನೋಡಿ ಯಜಮಾನ್ರೇ. ಕೆಳಗೆ ದಪ್ಪ ಮರಳು. ಅದರ ಮೇಲೆ ಸಣ್ಣ ಮರಳು. ಅದರ ಮೇಲೆ ನುಣುಪು ಮಣ್ಣು. ಮತ್ತೆ ದಪ್ಪ, ಮತ್ತೆ ಸಣ್ಣ, ಮತ್ತೆ ನುಣುಪು. ಮನುಷ್ಯರು ಬುಟ್ಟೀಲಿ ತಂದು ಸುರಿದಿದ್ರೆ ಗುಪ್ಪೆ ಗುಪ್ಪೆಯಾಗಿ, ಕಲಸಿ ಹೋಗಿರ್ತಿತ್ತು. ಒಂದು ಇದ್ದಿಲ ಚೂರಾದ್ರೂ, ಮಡಕೆ ಚೂರಾದ್ರೂ ಸಿಗಬೇಕಿತ್ತು."

"ಅಂದ್ರೆ?"

"ಹೊಳೆ ಈಗ ಊರಿನ ಆ ಕಡೆ ಇದೆಯಲ್ಲ, ಒಂದು ಕಾಲಕ್ಕೆ ಇಲ್ಲಿ ಹರೀತಿತ್ತು. ಈ ತಗ್ಗೇ ಅದರ ದಾರಿ. ಪ್ರವಾಹ ಬಂದು ನೀರು ದಡ ದಾಟಿದ ಕೂಡಲೇ ಓಟ ಕಮ್ಮಿ ಆಗುತ್ತೆ. ಹೊತ್ಕೊಂಡು ಬಂದಿದ್ದನ್ನ ದಡದ ಮೇಲೇ ಇಳಿಸಿಬಿಡುತ್ತೆ. ಪ್ರತಿ ಪ್ರವಾಹಕ್ಕೂ ಒಂದೊಂದು ಪದರ. ಹಾಗೇ ದಡ ಎತ್ತರ ಆಗ್ತಾ ಹೋಗುತ್ತೆ."

ದಳವಾಯಿ ಸುಲಭಕ್ಕೆ ಬಿಡುವವನೇ? ಹೆಬ್ಬಾಗಿಲಿನ ಕಡೆ ಕೈ ತೋರಿಸಿದ. ಒಂದು ಸಲ ನೀರು ದಡ ಒಡೆದು ನುಗ್ಗಿದ ಜಾಗ ಅಂದರು. ಕಿಸೆಯಿಂದ ಕವಣೆ ಕಲ್ಲು ತೆಗೆದು ಕೊಟ್ಟ. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ, "ಎಷ್ಟು ಚೆನ್ನಾಗಿದೆ! ಹೊಳೆ ಉರುಳಿಸಿ ಉರುಳಿಸಿ ಹೀಗೆ ಮಾಡಿದೆ" ಅಂದರು.

"ಆದ್ರೆ ಮೇಡಂ, ಎರಡೂ ಕಡೆ ಒಂದೇ ಬಾಗು ಇದೆಯಲ್ಲ. ಒಂದೇ ಎತ್ತರ. ಅದು ಹೇಗೆ ತಾನಾಗೇ ಬರುತ್ತೆ?"

"ನಡುವೆ ಹರಿದ ಹೊಳೆ ಒಂದೇ ಅಲ್ವಾ?"

ದಳವಾಯಿ ಆ ಗೋಡೆಯನ್ನೇ ನೋಡಿದ. ಮಡಿಕೆಯ ಮೇಲೆ ಮಡಿಕೆ. ಜೋಡಿಯಾಗಿದ್ದರೆ ನೆರಿಗೆ, ಹಿಡಿದ ಕೈ ಇರಲೇಬೇಕು ಅಂತ ಎಷ್ಟು ಜನಕ್ಕೆ ಪಾಠ ಹೇಳಿದ್ದ! ಹಗ್ಗದ ಮೇಲೆ ಒಣಹಾಕಿದ ಬಟ್ಟೆ ತಾನಾಗಿಯೇ ಎರಡೂ ಕಡೆ ಒಂದೇ ರೀತಿ ಮುದುರಿ ಬೀಳುವುದನ್ನು ಮನೆಯ ಹಿಂದೆ ದಿನಾ ನೋಡಿದ್ದ. ನೋಡಿಯೂ ನೋಡಿರಲಿಲ್ಲ.

"ಹಾಗಾದ್ರೆ ಇದು ನೆರಿಗೆ ಅಲ್ಲ. ಸುಕ್ಕು" ಅಂದ.

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಹೌದು, ಸುಕ್ಕು. ನೆಲದ ಸುಕ್ಕು" ಅಂದರು. ಅವನ ಮುಖ ನೋಡಿ ಅವರಿಗೆ ಕೆಡುಕೆನಿಸಿರಬೇಕು. "ಬೇಜಾರು ಮಾಡ್ಕೋಬೇಡಿ. ಮೊದಲ ದಿನ ರಸ್ತೆಯಿಂದ ನೋಡಿದಾಗ ನಾನೂ ಕೋಟೆ ಅಂತಲೇ ಅಂದ್ಕೊಂಡೆ" ಅಂದರು.

"ಬೇಜಾರೇನಿಲ್ಲ. ನಿಜ ಹೇಳಿದ್ರಲ್ಲ, ದೊಡ್ಡದು. ಒಂದೇ ಒಂದು ಉಪಕಾರ ಮಾಡಿ. ಇವತ್ತೊಂದು ದಿನ ಈ ಮಾತು ಪೇಟೆ ಬೀದೀಲಿ ಬೇಡ. ಒಬ್ಬನಿಗೆ ನಾನೇ ಮೊದಲು ಹೇಳಬೇಕು" ಅಂದ ದಳವಾಯಿ. ಮತ್ತೆ ನಾಲ್ಕು ಹೆಜ್ಜೆ ಹೋಗಿ ತಿರುಗಿ, "ನಿಮ್ಮ ಜಾಕೀಟಿನ ಜೇಬು ಹೊಲಿಗೆ ಬಿಟ್ಟಿದೆ. ಊರಿಗೆ ಹೋಗೋ ಮುಂಚೆ ಅಂಗಡಿಗೆ ಕೊಡಿ, ಹಾಕ್ಕೊಡ್ತೀನಿ" ಅಂದ. ಎದೆ ಒಡೆದಿದ್ದರೂ ಕಣ್ಣು ಜೇಬಿನ ಮೇಲೆ ಹೋಗುವುದನ್ನು ತಪ್ಪಿಸಲು ಅವನಿಂದ ಆಗಲಿಲ್ಲ.

ಮನೆಗೆ ಬಂದವನ ಮುಖ ನೋಡಿಯೇ ಹೆಂಡತಿಗೆ ಗೊತ್ತಾಯಿತು. ಅವಳು ನೀರು ತಂದುಕೊಟ್ಟಳು. ಅವನು ಗೋಡೆಗೊರಗಿ ಕೂತು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅತ್ತ. ಕೋಟೆಗಾಗಿ ಅಲ್ಲ. ಇನ್ನು ತಮ್ಮ ಬರುವುದಕ್ಕೆ ಕಾರಣವೇ ಉಳಿಯಲಿಲ್ಲವಲ್ಲ ಅಂತ.

"ಕೋಟೆ ಆಗಿದ್ರೆ ಒಂದು ಮಾತಿತ್ತು. ಮಣ್ಣಿಗೋಸ್ಕರ ಅವನ ಬಾಳನ್ನ ಓಣಿಯೊಳಗೆ ತಳ್ಳಿಬಿಟ್ಟೆನಲ್ಲೇ" ಅಂದ.

ಹೆಂಡತಿ ಸಮಾಧಾನ ಮಾಡುವ ಜಾತಿಯಲ್ಲ. "ಕೋಟೆ ಆಗಿದ್ರೂ ಅದು ತಪ್ಪೇ. ಕೋಟೆ ಉಳಿಸ್ಕೊಳ್ಳಿ, ಯಾರು ಬೇಡ ಅಂದ್ರು? ಆವತ್ತು ಆಡಿದ ಮಾತಿಗೆ ಮಾರನೇ ದಿನವೇ ಹೋಗಿ ತಪ್ಪಾಯ್ತು ಅನ್ನೋಕೆ ಬೋರ್ಡು ಬೇಕಿತ್ತಾ? ನಾವಿಬ್ಬರು ಹೆಂಗಸರು ಇಷ್ಟು ವರ್ಷ ಬದನೆಕಾಯಿ ಆರಿಸೋ ನೆಪದಲ್ಲಿ ಕಳ್ಳರ ಹಾಗೆ ಮಾತಾಡಿದೀವಿ" ಅಂದಳು. ಅಂದು, ಸೆರಗಿನಿಂದ ತಾನೂ ಕಣ್ಣೊರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಚೀಲವೊಂದನ್ನು ತಂದು ಅವನ ಮುಂದಿಟ್ಟಳು. ಮೊನ್ನೆ ಬಂದ ತಮ್ಮನ ಅಳತೆ ಶರ್ಟು ಅದರಲ್ಲಿತ್ತು. "ಹೊಲಿಯೋದು ಆಮೇಲಿರಲಿ, ಇದನ್ನ ವಾಪಸ್ ಕೊಡೋ ನೆಪ ಇದೆಯಲ್ಲ. ನೀವೇ ಕೊಟ್ಟು ಬನ್ನಿ."

ತಮ್ಮನ ಬೇಕರಿಯ ಒಳಗೆ ದಳವಾಯಿ ಹಿಂದೆಂದೂ ಕಾಲಿಟ್ಟಿರಲಿಲ್ಲ. ಮುಂದೆ ಗಾಜಿನ ಕಪಾಟು, ಅದರಲ್ಲಿ ಬನ್ನು, ಬಿಸ್ಕತ್ತು. ಹಿಂದೆ ಕಿಟಕಿಯೇ ಇಲ್ಲದ ಕೋಣೆ. ಒಂದು ಗೋಡೆಗೆ ಭಟ್ಟಿ, ಇನ್ನೊಂದು ಗೋಡೆಗೆ ಹಿಟ್ಟಿನ ಮೇಜು. ನಡುವೆ ಒಬ್ಬ ಮನುಷ್ಯ ತಿರುಗಬೇಕಾದರೆ ಇನ್ನೊಬ್ಬ ಗೋಡೆಗೆ ಅಂಟಿಕೊಳ್ಳಬೇಕು. ಸೂರಿನವರೆಗೂ ಬ್ರೆಡ್ಡಿನ ಅಚ್ಚುಗಳನ್ನು ಒಟ್ಟಿದ್ದರು. ಆ ಸೆಕೆಯಲ್ಲಿ, ಬನಿಯನ್ನಿನ ಮೇಲಿನ ಶರ್ಟಿನ ಗುಂಡಿ ಬಿಚ್ಚಿಕೊಂಡು, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ತಮ್ಮ ನಿಂತಿದ್ದ. ಆ ಶರ್ಟು ದಳವಾಯಿ ಹೊಲಿದದ್ದೇ.

"ಬನ್ನಿ ಭಾವ" ಅಂದಳು ತಮ್ಮನ ಹೆಂಡತಿ, ಕೈಯಲ್ಲಿದ್ದ ಬುಟ್ಟಿ ಕೆಳಗಿಡುವುದನ್ನೂ ಮರೆತು.

ತಮ್ಮ ಅಣ್ಣನನ್ನು ನೋಡಿದ. ಕೈಯಲ್ಲಿದ್ದ ಚೀಲವನ್ನು ನೋಡಿದ. ಹೆಂಡತಿಯ ಕಡೆ ತಿರುಗಿ, "ಅಳತೆ ಸರಿಯಿಲ್ವಂತಾ? ಕೇಳು" ಅಂದ.

"ಅಳತೆ ಸರಿಯಾಗಿದೆ" ಅಂದ ದಳವಾಯಿ. ಚೀಲದಿಂದ ಶರ್ಟು ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. "ಆ ದಿಣ್ಣೆ ಕೋಟೆ ಅಲ್ಲ ಕಣೋ. ಮೇಡಂ ಅಗೆದು ತೋರಿಸಿದ್ರು, ನಾನೇ ಕಣ್ಣಾರೆ ನೋಡಿದೆ. ಹೊಳೆ ಬಿಟ್ಟುಹೋದ ಮಣ್ಣು. ಯಾರೂ ಕಟ್ಟಿದ್ದಲ್ಲ."

ತಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿದ. ಈಗ ಬೈಯುತ್ತಾನೆ, ಬೈದರೆ ಬೈಯಲಿ ಅಂತ ದಳವಾಯಿ ತಲೆ ತಗ್ಗಿಸಿಕೊಂಡ.

"ಯಾರು ಹೇಳಿದ್ದು?" ಅಂದ ತಮ್ಮ. "ನಿನ್ನೆ ಮೊನ್ನೆ ಬಂದವರು ಹೇಳಿದ್ರೆ ಆಗಿಹೋಯ್ತಾ? ಅದು ಕೋಟೆ."

ದಳವಾಯಿಗೆ ಕಿವಿ ಮೋಸ ಮಾಡಿತು ಅನ್ನಿಸಿತು. "ಕೋಟೆ ಅಲ್ವೋ!"

"ಕೋಟೇನೇ. ಹೊಳೆ ಎಲ್ಲಾದ್ರೂ ಹೆಬ್ಬಾಗಿಲು ಇಡುತ್ತಾ?"

"ಹೆಬ್ಬಾಗಿಲಲ್ಲ ಅದು. ನೀರು ಒಡೆದ ಜಾಗ."

"ಕಂದಕ?"

"ಅದೇ ಹೊಳೆ ಕಣೋ, ಕಂದಕ ಎಲ್ಲಿಂದ ಬಂತು!"

"ಮತ್ತೆ ಎರಡೂ ಕಡೆ ಒಂದೇ ಬಾಗು? ಕೈಯಿಲ್ಲದೆ ಕಾಲರ್ ಆಗುತ್ತಾ?"

"ಅದು ನನ್ನ ಮಾತು" ಅಂದ ದಳವಾಯಿ ಮೆಲ್ಲಗೆ.

"ನಿನ್ನ ಮಾತೇ!" ತಮ್ಮನ ದನಿ ಏರಿತು. "ಬನ್ನು ತಗೊಳ್ಳೋಕೆ ಬಂದವರಿಗೆಲ್ಲ ನಾನು ಇಷ್ಟು ವರ್ಷ ಅದನ್ನೇ ಹೇಳಿದೀನಿ. ಜನ ಕೇಳ್ತಾರೆ, ರಸ್ತೆ ಪಕ್ಕ ಅಂಥ ಜಾಗ ಇಟ್ಕೊಂಡು ಈ ಗೂಡಲ್ಲಿ ಯಾಕೆ ಬೇಯ್ತೀಯ ಅಂತ. ಏನು ಹೇಳ್ಲಿ? ಅಲ್ಲಿ ಕೋಟೆ ಇದೆ, ಮುಟ್ಟೋ ಹಾಗಿಲ್ಲ ಅಂತೀನಿ. ಕೋಟೆಗೋಸ್ಕರ ಬಿಟ್ಟುಕೊಟ್ಟೆ ಅಂದ್ರೆ ಅದಕ್ಕೊಂದು ಮರ್ಯಾದೆ ಇದೆ. ಚಿಕ್ಕಂದಿನಿಂದ ಆ ಬಾಗಿಲಲ್ಲಿ ಸತ್ತು ಬಿದ್ದಿದೀನಿ ನಾನು. ಈಗ ಬಂದು ಅದು ಬರೀ ಮಣ್ಣು ಅಂದ್ರೆ? ನಾನು ಯಾತಕ್ಕೆ ಜಾಗ ಬಿಟ್ಟ ಹಾಗಾಯ್ತು? ಯಾತಕ್ಕೆ ನಿನ್ನ ಹತ್ರ ಮಾತು ಬಿಟ್ಟ ಹಾಗಾಯ್ತು?"

ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡ. ಕಣ್ಣಿನ ಕೆಳಗೆ ಬಿಳಿ ಹತ್ತಿತು.

"ಸುಮ್ಸುಮ್ನೆ" ಅಂದ ದಳವಾಯಿ. "ಯಾತಕ್ಕೂ ಅಲ್ಲ. ನಾನು ಅವತ್ತು ಆಡಬಾರದ ಮಾತು ಆಡಿದೆ. ನಿನ್ನಂಥ ಇನ್ನೊಬ್ಬ ನನಗೆಲ್ಲಿ ಹುಟ್ತಾನೆ? ತಪ್ಪಾಯ್ತು ಕಣೋ. ಕೋಟೆ ಆಗಿದ್ರೂ ತಪ್ಪೇ."

ಅಷ್ಟರಲ್ಲಿ ತಮ್ಮನ ಹೆಂಡತಿ ಕಿರುಚಿಕೊಂಡಳು: "ಕೋಟೆಯೋ ಕೊತ್ತಲವೋ, ಆಮೇಲೆ ನೋಡ್ಕೊಳ್ಳಿ! ಸೀದ ವಾಸನೆ ಬರ್ತಿದೆ, ಮೊದಲು ಭಟ್ಟಿ ತೆಗೀರಿ!"

ಕೋಣೆ ತುಂಬ ಹೊಗೆ. ತಮ್ಮ ಭಟ್ಟಿಯ ಬಾಗಿಲು ತೆಗೆದು ಹಲಗೆ ತಳ್ಳಿ ತಟ್ಟೆಗಳನ್ನು ಎಳೆದ. ಇಡಲು ಜಾಗವಿಲ್ಲ, ಮೇಜಿನ ತುಂಬ ಹಿಟ್ಟು. "ಹಿಡ್ಕೋ, ಹಿಡ್ಕೋ!" ಅಂದ. ದಳವಾಯಿ ಹಿಂದೆಮುಂದೆ ನೋಡದೆ ಕೈಯಲ್ಲಿದ್ದ ಶರ್ಟಿನಿಂದಲೇ ಬಿಸಿ ತಟ್ಟೆ ಹಿಡಿದು ಅಂಗಡಿಯ ಮುಂಭಾಗಕ್ಕೆ ಓಡಿದ. ಮತ್ತೆ ಬಂದು ಇನ್ನೊಂದು ಹಿಡಿದ. ಗೋಡೆಗೆ ಅಂಟಿಕೊಂಡು ತಮ್ಮನಿಗೆ ದಾರಿ ಬಿಟ್ಟ, ತಮ್ಮ ಅಂಟಿಕೊಂಡು ಇವನಿಗೆ ದಾರಿ ಬಿಟ್ಟ. ಎಲ್ಲ ಹೊರಗೆ ಬರುವಷ್ಟರಲ್ಲಿ ಇಬ್ಬರೂ ಬೆವರಿ ನೀರಾಗಿದ್ದರು. ಅರ್ಧಕ್ಕರ್ಧ ಬ್ರೆಡ್ಡು ಕರಕಲಾಗಿತ್ತು.

ದಳವಾಯಿ ಕೈಯಲ್ಲಿದ್ದ ಶರ್ಟನ್ನು ಬಿಡಿಸಿ ನೋಡಿದ. ಒಂದು ತೋಳು ಸುಟ್ಟಿತ್ತು, ಎದೆಯ ಮೇಲೆಲ್ಲ ಮಸಿ, ಕಾಲರ್ ಕಿತ್ತು ಬಂದಿತ್ತು.

"ಅಯ್ಯೋ ಭಾವ, ಅಳತೆ ಶರ್ಟು ಹೋಯ್ತಲ್ಲ" ಅಂದಳು ತಮ್ಮನ ಹೆಂಡತಿ. "ಮೈಗೆ ಸರಿಯಾಗಿ ಕೂರ್ತಿದ್ದದ್ದು ಅದೊಂದೇ. ಈಗ ಹೊಸದಕ್ಕೆ ಅಳತೆ ಏನ್ಮಾಡೋದು?"

ದಳವಾಯಿ ಕುತ್ತಿಗೆ ಮುಟ್ಟಿ ನೋಡಿಕೊಂಡ. ಟೇಪು ಅಲ್ಲೇ ಇತ್ತು. "ಈ ಕಡೆ ಬಾ" ಅಂದ ತಮ್ಮನಿಗೆ, ಗಿರಾಕಿಗೆ ಹೇಳುವ ದನಿಯಲ್ಲೇ. "ನೆಟ್ಟಗೆ ನಿಂತ್ಕೋ. ಉಸಿರು ಹಿಡಿಬೇಡ."

ತಮ್ಮ ಬಂದು ಬೆನ್ನು ಕೊಟ್ಟ. ದಳವಾಯಿ ಭುಜಕ್ಕೆ ಟೇಪು ಇಟ್ಟ. ಶರ್ಟಿನಲ್ಲಿ ಕಂಡದ್ದಕ್ಕಿಂತ ಬಲ ಭುಜ ಇನ್ನೂ ಇಳಿದಿತ್ತು. ಕತ್ತಿನ ಹಿಂದೆ ಎರಡು ಸುಕ್ಕು ಬಿದ್ದಿದ್ದವು, ಒಂದರ ಕೆಳಗೊಂದು, ಒಂದೇ ಬಾಗಿನಲ್ಲಿ. ಅದನ್ನು ಯಾವ ಶರ್ಟೂ ಅವನಿಗೆ ಹೇಳಿರಲಿಲ್ಲ. ತೋಳು ಅಳೆದ. ಎದೆ ಅಳೆದ. ಸೊಂಟಕ್ಕೆ ಟೇಪು ಸುತ್ತಲು ಮುಂದೆ ಬಂದು ಎರಡೂ ಕೈಯನ್ನು ತಮ್ಮನ ಬೆನ್ನ ಹಿಂದೆ ಒಯ್ದ. ಟೇಪಿನ ತುದಿ ಕೈಗೆ ಸಿಕ್ಕಿತು. ಆದರೂ ಕೈಗಳನ್ನು ತಕ್ಷಣ ಹಿಂದಕ್ಕೆ ತರಲಿಲ್ಲ.

ತಮ್ಮನೂ ಸರಿಯಲಿಲ್ಲ. ಅಣ್ಣನ ತಲೆಯ ಮೇಲಿನಿಂದ ಭಟ್ಟಿಯ ಕಡೆ ನೋಡುತ್ತಾ, ಮೂಗು ಎಳೆದುಕೊಂಡು ಹೇಳಿದ:

"ತೀರಾ ಬಿಗಿ ಹಿಡಿಬೇಡ ಅಣ್ಣ. ಒಳಗೆ ಸ್ವಲ್ಪ ಬಟ್ಟೆ ಬಿಡು, ಇನ್ನೂ ದಪ್ಪ ಆಗ್ತೀನಿ."